ನಾಗಕಲ್ಲು, ಹೊಗೆ ಮತ್ತು ವಿಲೋಮ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ವಿದುರನು ನೆಟ್ಟನೆಂದು ಸ್ಥಳಪುರಾಣ ಹೇಳುವ ಅಶ್ವತ್ಥದ ನೆಲೆಯ ಸುತ್ತ, ಸಂತಾನವನ್ನು ಬಯಸಿ ಹರಕೆ ಹೊತ್ತ ಭಕ್ತರು ಪ್ರತಿಷ್ಠಾಪಿಸಿದ ನಾಗಕಲ್ಲುಗಳು ಸಾಲುಗಟ್ಟಿ ನಿಂತಿವೆ. ಈ ಕಲ್ಲುಗಳು ಹರಕೆಯ ಫಲಕ್ಕೆ ಪ್ರಮಾಣವಾಗಬಲ್ಲವೇ ಎಂಬ ಪ್ರಶ್ನೆ ಭಕ್ತಿಗೆ ಸೇರಿದ್ದಾದರೂ, ಅದನ್ನು ಬಿಡಿಸುವ ವಿವೇಕವನ್ನು ಬೀಜಗಣಿತದ ಮೊದಲ ಪಾಠಗಳೂ ನ್ಯಾಯಶಾಸ್ತ್ರವೂ ಒಂದೇ ಬಗೆಯಾಗಿ ಕಲಿಸುತ್ತವೆ.

ಎರಡು ಅಸಮತೆಗಳನ್ನು ‘ಮತ್ತು’ ಇಲ್ಲವೆ ‘ಅಥವಾ’ ಎಂಬ ಪದದಿಂದ ಜೋಡಿಸಿದಾಗ ಸಂಯುಕ್ತ ಅಸಮತೆ ಉಂಟಾಗುತ್ತದೆ. ಶಿಡ್ಲಘಟ್ಟದ ಸೀಮೆಯಲ್ಲಿ ಸಾಕುವ ರೇಷ್ಮೆಯ ಚಾಕಿ ಹುಳುಗಳಿಗೆ, ಎಂದರೆ ಎಳೆಯ ಹಂತದ ಹುಳುಗಳಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತ. ಅದನ್ನು ‘ಉ’ ಎಂದು ಕರೆದರೆ, 26 ≤ ಉ ≤ 28 ಎಂಬುದು ಎರಡು ಮಿತಿಗಳೂ ಒಟ್ಟಿಗೆ ಸಲ್ಲಬೇಕೆಂದು ಹೇಳುತ್ತದೆ, ಅದರ ನಿಷೇಧದಲ್ಲಿ ‘ಮತ್ತು’ ಹೋಗಿ ‘ಅಥವಾ’ ಬರುತ್ತದೆ: ಉ < 26 ಅಥವಾ ಉ > 28. ಉಷ್ಣಾಂಶ ಈ ಮಿತಿಗಳೊಳಗಿದ್ದರೆ ಅದು 26ಕ್ಕಿಂತ ಕಡಿಮೆಯಿಲ್ಲವೆಂಬುದು ನಿಶ್ಚಿತ. ಆದರೆ 26ಕ್ಕಿಂತ ಕಡಿಮೆಯಿಲ್ಲವೆಂದ ಮಾತ್ರಕ್ಕೆ ಅದು ಮಿತಿಯೊಳಗಿದೆ ಎನ್ನಲಾಗದು, ಏಕೆಂದರೆ 33 ಡಿಗ್ರಿಗೂ ಆ ಮಾತು ಸಲ್ಲುತ್ತದೆ. ‘ಇದಿದ್ದರೆ ಅದು’ ಎಂಬ ಹೇಳಿಕೆಯನ್ನು ತಿರುಗಿಸಿ ‘ಅದಿದ್ದರೆ ಇದು’ ಎಂದಾಗ ದೊರೆಯುವುದು ವಿಲೋಮ. ಅದಕ್ಕೆ ಬೇರೆಯೇ ಸಾಧನೆ ಬೇಕು.

‘ಇದಿದ್ದರೆ ಅದು’ ಎಂಬ ತಪ್ಪದ ಸಂಬಂಧವನ್ನು ನ್ಯಾಯಶಾಸ್ತ್ರದ ಪಂಡಿತರಾದ ನೈಯಾಯಿಕರು ವ್ಯಾಪ್ತಿ ಎಂದು ಕರೆದರು. ಹೊಗೆಯಿದ್ದೆಡೆಯೆಲ್ಲ ಬೆಂಕಿಯಿರುವುದರಿಂದ ಹೊಗೆ ವ್ಯಾಪ್ಯ, ಅದಕ್ಕಿಂತ ಹೆಚ್ಚಿನ ಎಡೆಗಳಲ್ಲಿ ಹರಡಿರುವ ಬೆಂಕಿ ವ್ಯಾಪಕ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲದಿರುವುದರಿಂದ ವಿಲೋಮ ನಿಲ್ಲುವುದಿಲ್ಲ. ಬೆಂಕಿಯಿಂದ ಹೊಗೆಯನ್ನು ಊಹಿಸಬೇಕಾದರೆ ಹಸಿ ಸೌದೆಯ ಸಂಬಂಧವೂ ಬೇಕೆಂದು, ಅದನ್ನು ಉಪಾಧಿ, ಅಂದರೆ ಮರೆಯಲ್ಲಿರುವ ಷರತ್ತು ಎಂದು, 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ವಿವರಿಸುತ್ತದೆ.

ಈ ಬೆಳಕಿನಲ್ಲಿ ನೋಡಿದರೆ, ‘ಫಲ ಕಂಡವರು ಕಲ್ಲು ನಿಲ್ಲಿಸಿದರು’ ಎಂಬುದನ್ನು ಪೂರ್ತಿಯಾಗಿ ಒಪ್ಪಿದರೂ ‘ಹರಕೆ ಹೊತ್ತವರೆಲ್ಲ ಫಲ ಕಂಡರು’ ಎಂಬುದು ಸಿದ್ಧಿಸುವುದಿಲ್ಲ. ಹರಕೆ ಹೊತ್ತೂ ಫಲ ಕಾಣದವರ ಲೆಕ್ಕವಾಗಲಿ, ಹರಕೆಯಿಲ್ಲದೆಯೇ ಮಕ್ಕಳನ್ನು ಪಡೆದವರ ಲೆಕ್ಕವಾಗಲಿ ಆ ಸಾಲುಗಳಲ್ಲಿ ಸಿಗುವುದಿಲ್ಲ. ಹಾಗೆಂದು ಸಿದ್ಧಿಸದಿದ್ದುದನ್ನೆಲ್ಲ ಸುಳ್ಳೆಂದು ತೀರ್ಮಾನಿಸುವ ನಾಸ್ತಿಕನೂ ಅದೇ ಬಗೆಯ ದೋಷಕ್ಕೆ ಗುರಿಯಾಗುತ್ತಾನೆ, ಏಕೆಂದರೆ ಸಾಧನೆಯ ಅಭಾವವು ವಸ್ತುವಿನ ಅಭಾವಕ್ಕೆ ಹೇತುವಲ್ಲ. ಹರಕೆಯನ್ನು ಶರಣಾಗತಿಯೆಂದು ತಿಳಿದ ಭಕ್ತನಿಗೆ ಈ ತರ್ಕದ ಅಗತ್ಯವೇ ಇಲ್ಲ. ಕಲ್ಲುಗಳನ್ನು ಸಾಕ್ಷಿಯೆಂದು ಮುಂದಿಡುವವನ ಮೇಲೆ ಮಾತ್ರ ವ್ಯಾಪ್ತಿಯನ್ನು ಸಾಧಿಸುವ ಹೊಣೆ ಬೀಳುತ್ತದೆ.