ಯಾವ ಹೆಜ್ಜೆ ಸರಿ?

ಸಾಲ್ಸಾದಲ್ಲಿ ಲಾಸ್ ಏಂಜಲೀಸ್ ಶೈಲಿಯವರು ಮೊದಲ ಬೀಟ್‌ಗೆ ದಿಕ್ಕು ಬದಲಿಸ್ತಾರೆ, ನ್ಯೂಯಾರ್ಕ್ ಶೈಲಿಯವರು ಎರಡನೇದಕ್ಕೆ. ಇಬ್ಬರದೂ ನೇರ ಗೆರೆಯ ಕುಣಿತ. ಕ್ಯೂಬಾದವರದು ಒಬ್ಬರನ್ನೊಬ್ಬರು ಸುತ್ತುವ ಕುಣಿತ. ಯಾವುದು ಅಸಲಿ? ಬೆಂಗಳೂರಲ್ಲಿ ಈ ವಾದ ಕೇಳಿದಾಗೆಲ್ಲ ನಮ್ಮೂರ ಕಡೆಯ ತೆಂಕು-ಬಡಗು ಚರ್ಚೆ ನೆನಪಾಗುತ್ತೆ. ಧರ್ಮಸ್ಥಳ ಮೇಳದ ಧೀಂಗಿಣ ನೋಡಿ ಬೆಳೆದವರಿಗೆ ತೆಂಕೇ ಯಕ್ಷಗಾನ.

ಆದರೆ ಯಕ್ಷಗಾನದಲ್ಲಿ ತಿಟ್ಟು ಯಾವುದೆಂದು ಮೇಳವೇ ಮೊದಲು ತೀರ್ಮಾನಿಸಿರುತ್ತೆ. ಸೋಷಿಯಲ್ ಡಾನ್ಸಲ್ಲಿ ಹಾಡಿಗೊಬ್ಬರು ಹೊಸ ಜೋಡಿ. ಅವರು ಏನು ಕಲಿತಿದ್ದಾರೋ ಗೊತ್ತಿರಲ್ಲ. ‘ನನ್ನದೇ ಸರಿ’ ಅಂತ ಎಳೆದಾಡಿದರೆ ಶೈಲಿ ಉಳಿಯಬಹುದು, ಎದುರಿನವರ ತೋಳು ನೋಯುತ್ತೆ.

ಹಾಗಂತ ಎಲ್ಲವೂ ಸರಿಯಲ್ಲ. ತಾಳ ತಪ್ಪಿದರೆ ತಪ್ಪೇ. ಆದರೆ ನಿಯಮ ಹುಟ್ಟಿದ್ದೇ ಇಬ್ಬರು ಅಪರಿಚಿತರು ಒಟ್ಟಿಗೆ ಕುಣಿಯಲಿ ಅಂತ. ಅದನ್ನೇ ತಡೆಯುವ ಶುದ್ಧತೆ ಯಾರಿಗೆ ಬೇಕು? ಶೈಲಿಯನ್ನು ಕ್ಲಾಸ್ ಕಲಿಸುತ್ತೆ. ಹೊಂದಿಕೊಳ್ಳೋದನ್ನ ಗುರುತಿಲ್ಲದ ಜೋಡಿಯೇ ಕಲಿಸಬೇಕು.