ಬಿಟ್ಟುಕೊಡುವ ಮುನ್ನ

ಹೆಣ್ಣುಮಗಳು ತವರಿನ ಆಸ್ತಿಗೆ ಕೈಚಾಚಿದರೆ ತವರು ಉಳಿಯುವುದಿಲ್ಲ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ವೈಟ್‌ಫೀಲ್ಡ್ ಸುತ್ತಿನ ಹಳ್ಳಿಗಳಲ್ಲಿ ರಾಗಿ ಹೊಲಕ್ಕೆ ಹೇಳಿಕೊಳ್ಳುವ ಬೆಲೆಯಿಲ್ಲದ ಕಾಲದಲ್ಲಿ ಆ ಮಾತಿಗೆ ಪರೀಕ್ಷೆಯೇ ಬರಲಿಲ್ಲ. ಹೂಡಿ, ಕಾಡುಗೋಡಿ, ವರ್ತೂರುಗಳಲ್ಲಿ ಕಂಪನಿಗಳೂ ಅಪಾರ್ಟ್‌ಮೆಂಟುಗಳೂ ಎದ್ದವು, 2023ರಲ್ಲಿ ಮೆಟ್ರೋ ಕೂಡ ಬಂತು. ಎಕರೆ, ಗುಂಟೆ ಹೋಗಿ ಚದರಡಿಯ ಲೆಕ್ಕವಾಯಿತು. ವರ್ಷಗಟ್ಟಲೆ ಸುದ್ದಿಯಿಲ್ಲದ ಅಣ್ಣತಮ್ಮಂದಿರು ಈಗ ಸೀರೆ, ಹೂವು, ಹಣ್ಣು ಹಿಡಿದು ಅಕ್ಕತಂಗಿಯರ ಮನೆಗೆ ಬರುತ್ತಾರೆ. ಜೊತೆಯಲ್ಲಿ ಒಂದು ಹಕ್ಕು ಖುಲಾಸೆ ಪತ್ರ.

ಈ ಸಹಿ ಯಾಕೆ ಬೇಕಾಯಿತು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಒಟ್ಟುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳಿಗಷ್ಟೇ ಇತ್ತು. ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಅದನ್ನು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು, ತಾಳಿ ಕಟ್ಟಿದೊಡನೆ ಅಪ್ಪನೇ ಬದಲಾಗುವನೇನೋ ಎಂಬಂತೆ! 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆಮೇಲೂ ಗೊಂದಲ ಮುಗಿಯಲಿಲ್ಲ. ಆ ದಿನ ತಂದೆ ಬದುಕಿರಬೇಕೇ, ಬೇಡವೇ? ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಬದುಕಿರಬೇಕು ಎಂದಿತು. 2018ರಲ್ಲಿ, 2001ರಲ್ಲೇ ತೀರಿಕೊಂಡವರ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಅಂದು ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಭಾಗವಾಗಿದ್ದರೆ ಅದನ್ನು ಕದಲಿಸುವಂತಿಲ್ಲ. ಆದರೆ ‘ಬಾಯಿಮಾತಿನಲ್ಲಿ ಎಂದೋ ಭಾಗವಾಗಿದೆ’ ಎಂದಷ್ಟೇ ಹೇಳಿದರೆ ನಡೆಯದು.

ಮಗ ಮದುವೆಯಾಗುವ ತನಕ ಮಗ, ಮಗಳು ಕಡೆಯ ತನಕ ಮಗಳು ಎಂಬ ಹಳೆಯ ಮಾತೂ ಆ ಸಂದರ್ಭದಲ್ಲಿ ಕೇಳಿಬಂತು. ನನಗೆ ಅದು ರುಚಿಸಲಿಲ್ಲ. ಮಗಳನ್ನು ಹೊಗಳಲು ಸೊಸೆಯನ್ನು ಯಾಕೆ ದೂರಬೇಕು? ಮಗಳಿಗೆ ಪ್ರೀತಿ ಹೆಚ್ಚೆಂದು ಪಾಲು ಕೊಡುವುದಾದರೆ, ಪ್ರೀತಿ ಕಡಿಮೆಯಾದ ದಿನ ಕಿತ್ತುಕೊಳ್ಳಲೂಬಹುದಲ್ಲವೇ?

ಹಕ್ಕು ಇದೆ ಎಂದು ಹೇಳಿ ಕಾನೂನು ಸುಮ್ಮನಾಗುತ್ತದೆ. ಬಿಟ್ಟುಕೊಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ನಮಗೇ ಬಿಟ್ಟದ್ದು. ಈ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಪೀಣ್ಯಕ್ಕೆ ಹೋಗಿ, ಅಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಮಿಸ್, ಬಿಟ್ಟುಕೊಟ್ಟರೆ ನಾನು ಒಳ್ಳೆಯವಳು, ಕೇಳಿದರೆ ಆಸೆಬುರುಕಿ. ಇಟ್ಟುಕೊಂಡ ಅಣ್ಣನಿಗೆ ಯಾವ ಹೆಸರೂ ಇಲ್ಲವಾ?”

ಅಣ್ಣನ ಕಡೆಗೂ ನ್ಯಾಯವಿದೆ, ಇಲ್ಲವೆನ್ನಲಾರೆ. ಹಾಸಿಗೆ ಹಿಡಿದ ಅಪ್ಪನನ್ನು ಎತ್ತಿ ಇಳಿಸಿದವನು, ಆಸ್ಪತ್ರೆಗೆ ಸಾಲ ಮಾಡಿದವನು ಅವನೇ ಆಗಿದ್ದರೆ ಅವನಿಗೆ ಹೆಚ್ಚು ಸಲ್ಲಲಿ. ಆದರೆ ಆ ಲೆಕ್ಕ ಎದುರು ಕೂತು ಆಗಬೇಕು. ‘ನಿನ್ನ ಮದುವೆಗೆ ಖರ್ಚಾಗಿದೆಯಲ್ಲ’ ಎನ್ನುವವರು ಅಣ್ಣನ ಕಾಲೇಜು ಸೀಟಿಗೆ ಕಟ್ಟಿದ ಹಣವನ್ನು ಎಂದಾದರೂ ಎಣಿಸಿದ್ದಾರೆಯೇ?

ತ್ಯಾಗ ದೊಡ್ಡ ಗುಣ. ಆದರೆ ಕೊಡಬೇಕಾದರೆ ವಸ್ತು ಮೊದಲು ನಮ್ಮದಾಗಿರಬೇಕು. ಅದು ನಮ್ಮದೆಂದು ತೆಗೆದುಕೊಳ್ಳುವವನೂ ಒಪ್ಪಿರಬೇಕು. ‘ಸುಮ್ಮನೆ ಒಂದು ಸಹಿ, ಅಷ್ಟೇ’ ಎಂದು ಹಾಕಿಸಿಕೊಂಡದ್ದು ಕೊಟ್ಟದ್ದಾಗುವುದಿಲ್ಲ. ‘ಇದು ನಿನ್ನ ಪಾಲು, ಇಷ್ಟು ಬೆಲೆ ಬಾಳುತ್ತದೆ, ನನಗೆ ಬಿಟ್ಟುಕೊಡುತ್ತೀಯಾ?’ ಎಂದು ಕೇಳುವ ಅಣ್ಣನಿಗೆ ಪೂರ್ತಿ ಬಿಟ್ಟುಕೊಟ್ಟರೂ ಅವಳು ಕಳೆದುಕೊಂಡದ್ದೇನಿಲ್ಲ. ಹಾಗೆ ಕೇಳಲಾರದವನ ಮುಂದೆ ತಲೆಬಾಗಿ ಸಹಿ ಹಾಕಿ ಉಳಿಸಿಕೊಳ್ಳುವ ತವರು ಎಂಥದು?

ಆ ಹುಡುಗಿ ಪತ್ರ ಓದಲು ಒಂದು ತಿಂಗಳು ಕೇಳಿದಳು. ಆ ಸಲ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಅತ್ತಿಗೆ ಮಾತ್ರ ಮೆಲ್ಲಗೆ ಫೋನು ಮಾಡಿ, ತನ್ನ ತಮ್ಮನೂ ಇಂಥದೇ ಪತ್ರ ತಂದಿದ್ದಾನೆ, ಅದರಲ್ಲಿ ಏನೇನು ನೋಡಬೇಕು ಎಂದು ವಿಚಾರಿಸಿದಳಂತೆ.