ಗಾಳಿಯ ಫೋಟೊ

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಜನವರಿಯ ಬೆಳಗಿನಲ್ಲಿ ಆ ಬೋಳು ನೆತ್ತಿಯ ಮೇಲೆ ನಾಯಿಯೊಂದಿಗೆ ಕ್ಯಾಮೆರಾ ಹಿಡಿದು ನಿಂತವರಿಗೆ ಸಿಗುವುದು ಬಾಗಿದ ಹುಲ್ಲು, ಹಿಂದಕ್ಕೆ ಮಡಚಿಕೊಂಡ ನಾಯಿಯ ಕಿವಿ, ಗಾಳಿಯಲ್ಲ. ವಾಯುವಿಗೆ ರೂಪವಿಲ್ಲ, ಸ್ಪರ್ಶವಿದೆ, ಆ ಸ್ಪರ್ಶದಿಂದಲೇ ಅದನ್ನು ಅನುಮಾನಿಸಿ ತಿಳಿಯಬೇಕು ಎಂದರು ಪ್ರಾಚೀನ ವೈಶೇಷಿಕ ದಾರ್ಶನಿಕರು. ಹಾಗಾದರೆ ಫೋಟೊ ಸುಳ್ಳೇ? ಅಲ್ಲ, ಅದು ಬೆಂಕಿಯ ಸುಳಿವು ಕೊಡುವ ಹೊಗೆಯಂತೆ. ಶಟರ್ ಸೆಕೆಂಡಿನ 1/1000 ಭಾಗ ತೆರೆದರೆ ಹುಲ್ಲಿನೆಸಳು ಕೆತ್ತಿದಂತೆ ನಿಲ್ಲುತ್ತದೆ. 1/15ಕ್ಕೆ ಇಳಿಸಿದರೆ ಇಡೀ ಇಳಿಜಾರೇ ಕಲಸಿಹೋಗುತ್ತದೆ. ಎರಡೂ ಹೊಗೆಯೇ.

ನಾಯಿಗೆ ಈ ತರ್ಕದ ಗೊಡವೆಯಿಲ್ಲ, ಮೂಗೆತ್ತಿದರೆ ಸಾಕು, ಗಾಳಿಯನ್ನು ನೇರವಾಗಿ ಅರಿಯುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಚಂದದ ಮಾತು. ಆದರೆ ಗಂಧ ಪೃಥ್ವಿಯ ಗುಣ ಎನ್ನುತ್ತದೆ ಅದೇ ದರ್ಶನ; ಗಾಳಿ ಬರೀ ಹೊರೆಯಾಳು. ನಾಯಿ ಮೂಸುವುದು ಕಣಿವೆಯ ಮಣ್ಣನ್ನು, ಸಗಣಿಯನ್ನು, ಪೊದೆಯಾಚೆಯ ಕಾಡುಹಂದಿಯನ್ನು. ಮೂಗಿಗಲ್ಲದಿದ್ದರೂ ಚರ್ಮಕ್ಕೆ ತಾಕಿದ ಗಾಳಿ ಪ್ರತ್ಯಕ್ಷವೇ ಎಂದು ವಾದಿಸಿದವರು ನಂತರದ ನವ್ಯ ನೈಯಾಯಿಕರು. ನನಗೆ ಅವರ ಪಕ್ಷವೇ ಸರಿ ಎನಿಸುತ್ತದೆ: ಚಳಿಗೆ ಮರಗಟ್ಟಿ ಕ್ಯಾಮೆರಾದ ಗುಂಡಿಯನ್ನೂ ಒತ್ತಲಾರದ ಬೆರಳಿಗೆ ಗಾಳಿಯ ಬಗ್ಗೆ ಯಾವ ಅನುಮಾನವೂ ಉಳಿದಿರುವುದಿಲ್ಲ.